ರೋಗಿಯ ‘ಬೇಡ’ ಮತ್ತು ಶ್ರಾವಕಧರ್ಮ

ಪ್ರಾಣಾಪಾಯದಲ್ಲಿರುವ ರೋಗಿಯನ್ನು ಒಯ್ಯಲು ಮನೆಯ ಬಾಗಿಲಿಗೆ ಬಂದ ಆಂಬುಲೆನ್ಸ್ ಬರಿದಾಗಿ ಹಿಂದಿರುಗುವುದು ಅಪರೂಪದ ಸಂಗತಿಯೇನಲ್ಲ. ವಾಹನ ತಡವಾಯಿತೆಂದಲ್ಲ, ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲವೆಂದಲ್ಲ; ರೋಗಿಯೇ ‘ಬೇಡ’ ಎಂದದ್ದರಿಂದ. “ಬೇಡಪ್ಪಾ, ಬೆಳಗಾಗಲಿ, ನೋಡೋಣ” ಎಂಬ ಮಾತು ನಂದಿಯ ಸುತ್ತಲಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮನೆಗಳಿಗೆ ಹೊಸದಲ್ಲ. ಮಕ್ಕಳು ಅದನ್ನು ಹಿರಿಯರ ಆಜ್ಞೆಯೆಂದು ಶಿರಸಾವಹಿಸುತ್ತಾರೆ. ಜೈನ ಕುಟುಂಬಗಳಲ್ಲಿ ಆ ಮಾತಿಗೆ ಇನ್ನೊಂದು ಗೌರವವೂ ಸೇರಿಕೊಳ್ಳುತ್ತದೆ: ಹಿರಿಯರು ದೇಹದ ಮೋಹವನ್ನು ಬಿಟ್ಟರು, ವೈರಾಗ್ಯದ ಮಾತನಾಡಿದರು ಎಂದು. ಆ ‘ಬೇಡ’ವು ವೈರಾಗ್ಯದಿಂದ ಹುಟ್ಟಿತೋ ಭಯದಿಂದ ಹುಟ್ಟಿತೋ ಎಂದು ವಿಚಾರಿಸುವವರು ವಿರಳ. ವಿಚಾರಿಸಬೇಕಾದದ್ದಾದರೂ ಅದನ್ನೇ.

ಕರ್ನಾಟಕದಲ್ಲಿ ‘ಆರೋಗ್ಯ ಕವಚ’ವೆಂಬ ಹೆಸರಿನ 108 ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಕರೆಗೆ ಹಣವಿಲ್ಲ, ಸಾಗಿಸುವುದಕ್ಕೂ ಹಣವಿಲ್ಲ. ವಾಹನದಲ್ಲಿ ತರಬೇತಿ ಪಡೆದ ಸಿಬ್ಬಂದಿಯೂ ಪ್ರಥಮ ಚಿಕಿತ್ಸೆಯ ಸಾಮಗ್ರಿಯೂ ಇರುತ್ತವೆ. ಆದರೆ ಅರಿವುಳ್ಳ ರೋಗಿಯನ್ನು ಬಲಾತ್ಕಾರವಾಗಿ ಎತ್ತಿಕೊಂಡು ಹೋಗುವ ಅಧಿಕಾರ ಆ ಸಿಬ್ಬಂದಿಗಿಲ್ಲ. ಸ್ವಸ್ಥಚಿತ್ತನಾದ ವಯಸ್ಕನ ಚಿಕಿತ್ಸೆಗೆ ಅವನ ತಿಳಿವಿನಿಂದ ಕೂಡಿದ ಒಪ್ಪಿಗೆ ಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ವಿಶದಪಡಿಸಿದೆ. ಸಿಬ್ಬಂದಿ ಅಪಾಯವನ್ನು ತಿಳಿಹೇಳಬಹುದು, ಮತ್ತೊಮ್ಮೆ ಒತ್ತಾಯಿಸಿ ಕೇಳಬಹುದು. ಆಗಲೂ ಒಪ್ಪದಿದ್ದರೆ ನಿರಾಕರಣೆಯನ್ನು ದಾಖಲಿಸಿ ಹೊರಡಬೇಕು. ಸಹಿ ಮಾಡಿದ ಕಾಗದವು ಸಿಬ್ಬಂದಿಯ ಹೊಣೆಯನ್ನು ಇಳಿಸೀತು, ಮನೆಯವರ ಹೊಣೆಯನ್ನು ಇಳಿಸದು.

ನಿರಾಕರಣೆಯ ಕಾರಣಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಅವುಗಳಲ್ಲಿ ವೈರಾಗ್ಯದ ಪಾಲು ಸ್ವಲ್ಪವೇ. ಮೊದಲನೆಯದು ಖರ್ಚು. ವಾಹನ ಉಚಿತವಾದರೂ ಅದು ಕೊಂಡೊಯ್ಯುವ ಬಾಗಿಲಿನ ಒಳಗೆ ಎಷ್ಟು ಬಿಲ್ಲು ಕಾದಿದೆಯೋ ಎಂಬ ಅಂಜಿಕೆ. ಜೀವಮಾನವೆಲ್ಲ ಅಂಗಡಿಯ ಜಮಾಖರ್ಚನ್ನು ತೂಗಿಸಿದ ಹಿರಿಯರು ಕೊನೆಗೆ ತಮ್ಮ ಪ್ರಾಣವನ್ನೂ ಖರ್ಚಿನ ಬದಿಗೇ ಬರೆದುಕೊಳ್ಳುತ್ತಾರೆ. ಎರಡನೆಯದು ಸಂಕೋಚ: ಮಗನ ನಿದ್ದೆ ಕೆಡುತ್ತದೆ, ಸೊಸೆಗೆ ತೊಂದರೆ, ವಾಹನದ ಸದ್ದಿಗೆ ಬೀದಿಯವರೆಲ್ಲ ಎದ್ದು ಬರುತ್ತಾರೆ. ಮೂರನೆಯದು, ಹಿಂದೆ ಹಾಗೆ ಹೋದವರೊಬ್ಬರು ಮರಳಿ ಬರಲಿಲ್ಲವೆಂಬ ನೆನಪು. ನಾಲ್ಕನೆಯದು ಆಚಾರದ ಚಿಂತೆ: ಸೂರ್ಯಾಸ್ತದ ನಂತರ ಔಷಧ ಕೊಡುತ್ತಾರೆ, ಸೋಸದ ನೀರು ಕುಡಿಸುತ್ತಾರೆ, ಈರುಳ್ಳಿ ಬೆಳ್ಳುಳ್ಳಿಯ ಅಡುಗೆ ತಂದಿಡುತ್ತಾರೆ ಎಂದು. ಅನುಕೂಲವಂತರ ಮನೆಗಳಲ್ಲಿ ಐದನೆಯ ಕಾರಣವೊಂದಿದೆ: “ಮನೆಯಲ್ಲಿ ಕಾರಿದೆ, ಸರ್ಕಾರದ ಗಾಡಿ ಏಕೆ?” ಕಾರಿನಲ್ಲಿ ಆಮ್ಲಜನಕವಿರುವುದಿಲ್ಲ, ದಾರಿಯಲ್ಲಿ ಉಸಿರು ನಿಂತರೆ ನೋಡುವವರಿರುವುದಿಲ್ಲ ಎಂಬುದು ಆ ಹೊತ್ತಿಗೆ ಹೊಳೆಯುವುದಿಲ್ಲ.

ಇಂತಹ ರೋಗಗಳಲ್ಲಿ ಬೆಳಗಿನವರೆಗೆ ಕಾಯುವುದೆಂದರೆ ಏನೆಂಬುದನ್ನು ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಹೃದಯಾಘಾತದಲ್ಲಿ ರಕ್ತನಾಳ ಮುಚ್ಚಿದ ಕ್ಷಣದಿಂದ ಹೃದಯದ ಸ್ನಾಯು ಸಾಯತೊಡಗುತ್ತದೆ. ಸತ್ತ ಭಾಗ ಮರಳಿ ಬಾರದು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಆಗುವ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿ.ಮೀ. ದೂರವೆಂಬುದನ್ನು ನೆನೆದರೆ, ಆ ನಾಲ್ಕೂವರೆ ಗಂಟೆಗಳಲ್ಲಿ ಚರ್ಚೆಗೆ ಉಳಿಯುವ ಸಮಯ ಎಷ್ಟೆಂಬುದು ತಿಳಿಯುತ್ತದೆ. ಹೃದಯಾಘಾತಕ್ಕೆ ಹತ್ತಿರದಲ್ಲಿಯೇ ಮೊದಲ ಚಿಕಿತ್ಸೆ ದೊರೆಯಲೆಂದು ರಾಜ್ಯ ಸರ್ಕಾರವು 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯನ್ನು ತಂದಿತು. ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೃದ್ರೋಗ ತಜ್ಞರ ಸಲಹೆ ಪಡೆದು, ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ರೋಗಿ ಮನೆ ಬಿಟ್ಟು ಹೊರಟರೆ ಮಾತ್ರ ಆ ಮದ್ದು ಅವನನ್ನು ಮುಟ್ಟೀತು.

ಈಗ ಶಾಸ್ತ್ರದ ಮಾತು. ಹೀಗೆ ಚಿಕಿತ್ಸೆಯನ್ನು ಒಲ್ಲೆನೆನ್ನುವುದನ್ನು ಸಲ್ಲೇಖನಕ್ಕೆ ಸಮೀಪವೆಂದು ಭಾವಿಸುವವರಿದ್ದಾರೆ. ಆ ವ್ರತದ ಸ್ಮರಣೆ ಈ ನಾಡಿನಲ್ಲಿ ಬಲು ಹಳೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಕ್ರಿ.ಶ. 600ರಿಂದ ಮೊದಲ್ಗೊಂಡು ಸಮಾಧಿಮರಣದ ಶಾಸನಗಳಿವೆ. ಆದರೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಲಕ್ಷಣವನ್ನು ಗಮನಿಸಬೇಕು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದವುಗಳಾದಾಗ ಧರ್ಮರಕ್ಷಣೆಗಾಗಿ ದೇಹತ್ಯಾಗ ಮಾಡುವುದು ಸಲ್ಲೇಖನ. ಪ್ರತೀಕಾರವಿಲ್ಲದಿರುವುದೆಂಬ ಈ ಒಂದು ವಿಶೇಷಣದ ಮೇಲೆ ಇಡೀ ವಿಷಯ ನಿಂತಿದೆ. ನಾಲ್ಕೂವರೆ ಗಂಟೆಯೊಳಗೆ ಮದ್ದಿರುವ ರೋಗ ಪ್ರತೀಕಾರವಿಲ್ಲದ ರೋಗವಲ್ಲ. ಅಷ್ಟೇ ಅಲ್ಲ, ಅದೇ ಗ್ರಂಥವು ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುತ್ತದೆ: ಜೀವಿತಾಶಂಸೆ, ಮರಣಾಶಂಸೆ, ಭಯ, ಮಿತ್ರಸ್ಮೃತಿ, ನಿದಾನ. ಬದುಕಬೇಕೆಂಬ ಆಸೆಯಂತೆಯೇ ಬೇಗ ಸಾಯಬೇಕೆಂಬ ಆಸೆಯೂ ದೋಷ, ಭಯವೂ ದೋಷ. ಬಿಲ್ಲಿನ ಭಯದಿಂದ ಬಂದ ‘ಬೇಡ’ವನ್ನು ವ್ರತವೆಂದು ಕರೆಯುವುದು ಹೇಗೆ?

ಸಮಂತಭದ್ರರ ಜೀವನದ ಬಗ್ಗೆ ಪರಂಪರೆಯಲ್ಲಿ ಪ್ರಸಿದ್ಧವಾದ ಕಥೆಯೊಂದು ಇಲ್ಲಿ ಸ್ಮರಣೀಯ. ಮುನಿಯಾಗಿದ್ದಾಗ ಅವರಿಗೆ ಭಸ್ಮಕ ವ್ಯಾಧಿ ಅಡಸಿತು. ಎಷ್ಟು ಉಂಡರೂ ಹೊಟ್ಟೆಯಲ್ಲಿ ಬೂದಿಯಾಗುವ ಹಸಿವು. ಮುನಿಧರ್ಮದ ಮಿತಾಹಾರದಲ್ಲಿ ಅದು ಶಮನವಾಗುವಂತಿರಲಿಲ್ಲ. ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಇವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಇದೆಯೆಂದು ತಿಳಿದು, ದೀಕ್ಷೆಯನ್ನು ತಾತ್ಕಾಲಿಕವಾಗಿ ಬದಿಗಿಟ್ಟು ರೋಗವನ್ನು ಗುಣಪಡಿಸಿಕೊಂಡು ಪುನಃ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ಮಾಡಿದರು. ಮುನಿವ್ರತವನ್ನೇ ಕೆಲಕಾಲ ಬದಿಗಿಟ್ಟು ಔಷಧ ಪಡೆಯೆಂದು ಗುರು ಹೇಳಬಹುದಾದರೆ, ರಾತ್ರಿ ಒಂದು ಮಾತ್ರೆ ನುಂಗಲು ಗೃಹಸ್ಥನು ಅಳುಕಬೇಕಾಗಿಲ್ಲ. ಗುಣವಾದ ಮೇಲೆ ಪ್ರಾಯಶ್ಚಿತ್ತಕ್ಕೆ ಅವಕಾಶವಿದೆ.

ಇದರ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಮನೆತನದಲ್ಲಿ ಹುಟ್ಟಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದರು. ಕಣ್ಣು ಮಂದವಾಗಿ, ಜೀವದಯೆಯಿಂದ ನೋಡಿ ನಡೆಯುವ ಮುನಿಚರ್ಯೆ ಸಾಧ್ಯವಾಗದ ಸ್ಥಿತಿ ಬಂದಿತ್ತು. ನಿರ್ಣಯ ಒಂದು ರಾತ್ರಿಯ ನೋವಿನಲ್ಲಿ ಹುಟ್ಟಿದ್ದಲ್ಲ; ಸಂಘದ ಸಮಕ್ಷಮದಲ್ಲಿ, ಶಾಂತಚಿತ್ತದಿಂದ ಆದದ್ದು. ಸೆಪ್ಟೆಂಬರ್ 18ರಂದು ಅವರು ದೇಹತ್ಯಾಗ ಮಾಡಿದರು. ಅಂತಹವರನ್ನು ಎತ್ತಿ ವಾಹನಕ್ಕೆ ಹಾಕುವುದು ಹಿಂಸೆಯೇ ಸರಿ. ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿದ್ದು, ಮನೆಯಲ್ಲಿ ಣಮೋಕಾರ ಕೇಳುತ್ತ ಕಣ್ಣು ಮುಚ್ಚಬೇಕೆಂದು ಬಯಸುವ ಸಾಮಾನ್ಯ ಗೃಹಸ್ಥನ ಇಚ್ಛೆಯೂ ಗೌರವಾರ್ಹ.

ಕಾನೂನು ಈ ಭೇದವನ್ನು ಕಾಣಲು ಕಾಲ ಹಿಡಿಯಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ಪರಿಗಣಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. 2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪು ಘನತೆಯಿಂದ ಸಾಯುವ ಹಕ್ಕನ್ನೂ, ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಇಚ್ಛಾಪತ್ರ ಬರೆದಿಡುವ ಹಕ್ಕನ್ನೂ ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ವಿಧಾನ ಸರಳವಾಯಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು.

ಗುಣವಾಗುವ ರೋಗ, ಗುಣವಾಗದ ರೋಗ ಇವೆರಡರ ನಡುವೆ ಇನ್ನೊಂದು ಕಠಿನ ಸ್ಥಿತಿಯಿದೆ. ‘ಬೇಡ’ ಎನ್ನುವ ನಾಲಗೆ ರೋಗಿಯದಾದರೂ ಬುದ್ಧಿ ಅವನ ವಶದಲ್ಲಿರುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುವವರು ಪರ್ವದ ದಿನ ಉಪವಾಸವಿದ್ದಾಗ ರಕ್ತದ ಸಕ್ಕರೆ ಅತಿಯಾಗಿ ಇಳಿಯಬಹುದು. ಆಗ ಮಂಕು ಕವಿದು, ಸಿಡುಕಿನಿಂದ ಎಲ್ಲರನ್ನೂ ದೂರ ತಳ್ಳುತ್ತಾರೆ. ಗ್ಲೂಕೋಸ್ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅದೇ ವ್ಯಕ್ತಿ ಏನಾಯಿತೆಂದು ಕೇಳುತ್ತಾರೆ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಉಸಿರುಗಟ್ಟಿದಂತೆ ಅನ್ನಿಸದ ರೋಗಿಗಳನ್ನು ವೈದ್ಯರು ಕಂಡರು. ತಮಗೇನೂ ಆಗಿಲ್ಲವೆಂದು ಅವರು ನಂಬಿದ್ದರು. ಇಂತಹ ನಿರಾಕರಣೆಯನ್ನು ಆಜ್ಞೆಯೆಂದು ಪಾಲಿಸುವುದು ವಿನಯವಲ್ಲ. ದಿನ ಯಾವುದು, ಎದುರಿಗಿರುವವರು ಯಾರು, ಹೋಗದಿದ್ದರೆ ಏನಾದೀತು ಎಂಬ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಲಾಗದವರ ‘ಬೇಡ’ವನ್ನು ಒಪ್ಪುವ ಮೊದಲು ವೈದ್ಯರನ್ನು ಕೇಳಬೇಕು.

ಆದ್ದರಿಂದ ಈ ಮಾತುಕತೆಗೆ ತಕ್ಕ ಕಾಲ ನಡುರಾತ್ರಿಯಲ್ಲ. ಆರೋಗ್ಯವಾಗಿರುವಾಗಲೇ ತಂದೆತಾಯಿಗಳೊಡನೆ ಮಕ್ಕಳು ಕುಳಿತು, ಯಾವ ಸ್ಥಿತಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕು, ಯಾವ ಸ್ಥಿತಿಯಲ್ಲಿ ಮನೆಯಲ್ಲೇ ಉಳಿಸಿಕೊಳ್ಳಬೇಕೆಂದು ಕೇಳಿ ಬರೆದಿಡಬೇಕು. ಆಸ್ತಿಗೆ ಉಯಿಲು ಬರೆಯುವ ಮನೆಗಳಲ್ಲಿ ಇದಕ್ಕೊಂದು ಕಾಗದ ಹೆಚ್ಚಲ್ಲ.

ಬಸದಿಯ ಟ್ರಸ್ಟುಗಳಿಗೂ ಇಲ್ಲಿ ಕಾರ್ಯವಿದೆ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ರೋಗಿಯ ಸೇವೆಯಾದ ವೈಯಾವೃತ್ಯವು ಅಂತರಂಗ ತಪಸ್ಸುಗಳಲ್ಲಿ ಎಣಿಸಲ್ಪಟ್ಟಿದೆ. ಔಷಧದಾನವೆಂದರೆ ವರ್ಷಕ್ಕೊಮ್ಮೆ ಶಿಬಿರ ನಡೆಸಿ ಮಾತ್ರೆ ಹಂಚುವುದಷ್ಟೇ ಆಗಬಾರದು. ರಾತ್ರಿ ಕರೆದರೆ ರೋಗಿಯ ಜೊತೆ ವಾಹನದಲ್ಲಿ ಕೂರುವ ಇಬ್ಬರು ಯುವಕರು, ಆಸ್ಪತ್ರೆಗೆ ಸೋಸಿದ ನೀರನ್ನೂ ಶುದ್ಧಾಹಾರವನ್ನೂ ಸೂರ್ಯಾಸ್ತಕ್ಕೆ ಮುನ್ನ ತಲುಪಿಸುವ ಒಂದು ಮನೆ, ಮೊದಲ ದಿನದ ಠೇವಣಿಗೆ ಮೀಸಲಿಟ್ಟ ಸಣ್ಣ ನಿಧಿ ಇವಿಷ್ಟಿದ್ದರೆ ಮೇಲೆ ಹೇಳಿದ ಕಾರಣಗಳಲ್ಲಿ ಹೆಚ್ಚಿನವು ಕರಗಿಹೋಗುತ್ತವೆ. ಅವೆಲ್ಲ ಕರಗಿದ ಮೇಲೆಯೂ ಹಿರಿಯರೊಬ್ಬರು ಶಾಂತವಾಗಿ ‘ಬೇಡ’ ಎಂದರೆ, ಆ ಮಾತನ್ನು ಮನೆಯವರು ನಿಶ್ಶಂಕೆಯಿಂದ ಒಪ್ಪಿಕೊಳ್ಳಬಹುದು.