ಡಬ್ಬಾನಾ, ಡ್ರಮ್ಮಾ?

ಸಬ್‌ವೂಫರ್ ಅಂದ ತಕ್ಷಣ ನಿಮಗೆ ಯಾವ ಆಕಾರ ನೆನಪಾಗುತ್ತೆ? ಹಾಸ್ಟೆಲಲ್ಲಿ ಯಾರನ್ನ ಕೇಳಿದ್ರೂ ಟಿವಿ ಕೆಳಗಿರೋ ಕರಿ ಡಬ್ಬ ಅಂತಾರೆ. ಅದೇ ನಮ್ಮ ಚನ್ನರಾಯಪಟ್ಟಣದ ಕಡೆ ಬಂದು ಆಟೋ ಅಥವಾ ಓಮ್ನಿ ಇಟ್ಟಿರೋ ಹುಡುಗರನ್ನ ಕೇಳಿ. ಹಿಂದಿನ ಸೀಟಿನ ಕೆಳಗಿಂದ ಉದ್ದನೆಯ ಸಿಲಿಂಡರ್ ಎಳೆದು ತೋರಿಸ್ತಾರೆ. ಅದರ ಹೆಸರು ಬೇಸ್ ಟ್ಯೂಬ್. ಇನ್ನೂ ಸ್ವಲ್ಪ ಹಿರಿಯರನ್ನ ಕೇಳಿದ್ರೆ ಮಡಕೆ ಬಾಯಿಗೆ ಸ್ಪೀಕರ್ ಕಟ್ಟಿ ಹಾಡು ಕೇಳ್ತಿದ್ದ ಕಾಲದ ಕಥೆ ಹೇಳ್ತಾರೆ. ಬೇಸ್ ಬೇಕು ಅಂದ್ರೆ ಗಾಳಿಯನ್ನ ಎಲ್ಲಾದ್ರೂ ಕೂಡಿ ಹಾಕಬೇಕು ಅಂತ ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋಗದೇ ಕಂಡುಕೊಂಡ ಜನ ಅವರು.

ಇಲ್ಲಿ ‘ನಾವು’ ಅಂದ್ರೆ ಅಣ್ಣ ತಮ್ಮ ಇಬ್ಬರು. ಒಬ್ಬ ಮೆಕ್ಯಾನಿಕಲ್ ಮುಗಿಸಿ ಕೆಲಸ ಹುಡುಕ್ತಿದ್ದಾನೆ, ಇನ್ನೊಬ್ಬ ಇದೇ ಕಾಲೇಜಲ್ಲಿ ಎರಡನೇ ವರ್ಷ. ಈ ಸಲ ಕೊಬ್ಬರಿಗೆ ಒಳ್ಳೆ ರೇಟು ಸಿಕ್ತು. ತಿಪಟೂರಿಂದ ಬಂದ ಅಪ್ಪ, “ಮನೇಗೊಂದು ಒಳ್ಳೆ ಸೌಂಡ್ ಸಿಸ್ಟಮ್ ಮಾಡ್ರಪ್ಪ, ತಾತಂಗೆ ಟಿವಿ ಸರಿಯಾಗಿ ಕೇಳುಸ್ತಿಲ್ಲ” ಅಂತ ದುಡ್ಡು ಕೊಟ್ರು. ಆ ಮಾತಿನ ಮೊದಲ ಅರ್ಧ ನಮ್ಮ ತಲೇಲಿ ಕೂತ್ಕೊಳ್ತು. ಎರಡನೇ ಅರ್ಧದ ವಿಷಯಕ್ಕೆ ಆಮೇಲೆ ಬರ್ತೀವಿ.

ರೆಡಿಮೇಡ್ ತರೋ ಬದಲು ಸಬ್‌ವೂಫರ್ ನಾವೇ ಕಟ್ಟೋಣ ಅಂತ ತೀರ್ಮಾನ ಆಯ್ತು. 10 ಇಂಚಿನ ಒಂದು ಡ್ರೈವರ್, ಒಂದು ಆಂಪ್ಲಿಫೈಯರ್ ತಂದ್ವಿ. ಅಲ್ಲಿಂದ ಶುರು ಜಗಳ. ಅಣ್ಣನ ಪಾರ್ಟಿ ಸಿಲಿಂಡರ್, ತಮ್ಮನ ಪಾರ್ಟಿ ಬಾಕ್ಸ್.

ಸಿಲಿಂಡರ್ ಪಾರ್ಟಿಯ ವಾದ ನಮ್ಮ ಸಿಲೆಬಸ್‌ನಲ್ಲೇ ಇದೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನ ಥಿನ್ ಸಿಲಿಂಡರ್ ಪಾಠ ನೆನಪಿದ್ಯಾ? ಒಳಗಿನ ಒತ್ತಡ ಗೋಡೆಯನ್ನ ಬಗ್ಗಿಸಲ್ಲ, ಸುತ್ತಲೂ ಎಳೆಯುತ್ತೆ, ಅಷ್ಟೆ. ಅದಕ್ಕೇ ಹಾಲಿನ ಟ್ಯಾಂಕರ್, ಗ್ಯಾಸ್ ಸಿಲಿಂಡರ್ ಎಲ್ಲಾ ದುಂಡಗಿರೋದು. ಚಪ್ಪಟೆ ಹಲಗೆ ಹಾಗಲ್ಲ. ಟಿಫನ್ ಡಬ್ಬಿ ಮುಚ್ಚಳದ ಮಧ್ಯೆ ಒತ್ತಿ ನೋಡಿ, ಟಕ್ ಅಂತ ಒಳಗೆ ಹೋಗುತ್ತೆ. ಸಬ್‌ವೂಫರ್‌ನ ಕೋನ್ ಹಿಂದೆ ಮುಂದೆ ಓಡಾಡಿದ ಹಾಗೆಲ್ಲ ಬಾಕ್ಸಿನ ಹಲಗೆಗಳೂ ಉಸಿರಾಡ್ತವೆ, ಹಲಗೆಗಳೇ ಬೇರೆ ಸದ್ದು ಹೊರಡಿಸ್ತವೆ. ಅದನ್ನ ತಡೆಯೋಕೆ 18 ಎಂಎಂ ಹಲಗೆ ಬೇಕು, ಒಳಗೆ ಅಡ್ಡಪಟ್ಟಿ ಬೇಕು, ಹಾಗಾಗಿ ಅದನ್ನ ಎತ್ತೋಕೆ ಇಬ್ಬರು ಬೇಕು. ಅಮೆರಿಕದಲ್ಲಿ ಹವ್ಯಾಸಿಗಳು ಕಾಂಕ್ರೀಟ್ ಕಂಬ ಸುರಿಯೋಕೆ ಬಳಸೋ ದಪ್ಪ ರಟ್ಟಿನ ಕೊಳವೆಯಲ್ಲೇ ಸಬ್‌ವೂಫರ್ ಮಾಡ್ತಿದ್ರು. 1998ರಲ್ಲಿ ಶುರುವಾದ ಎಸ್‌ವಿಎಸ್ ಕಂಪನಿ ಹೆಸರು ಮಾಡಿದ್ದೂ ಸಿಲಿಂಡರ್‌ಗಳಿಂದಾನೇ.

ಬಾಕ್ಸ್ ಪಾರ್ಟಿಯ ವಾದ ಒಂದೇ ಸಾಲು: ನಮ್ಮೂರ ಆಚಾರ್ರಿಗೆ ಪ್ಲೈವುಡ್ ಕೊಟ್ರೆ ಸಂಜೆಗೆ ಬಾಕ್ಸ್ ಕೈಯಲ್ಲಿರುತ್ತೆ.

ವಾದ ಮುಗೀಲಿಲ್ಲ, ಎರಡೂ ಕಟ್ಟಿದ್ವಿ. ಸೋದರಮಾವನ ತೋಟದಲ್ಲಿ ಮೋರಿಗೆ ಹಾಕಿ ಮಿಕ್ಕಿದ್ದ 315 ಎಂಎಂ ಪಿವಿಸಿ ಪೈಪಿನ ತುಂಡು ಬಿದ್ದಿತ್ತು. ಒಳ ಅಗಲ ಸುಮಾರು 30 ಸೆಂಟಿಮೀಟರ್. 1 ಮೀಟರ್‌ಗೆ ಕೊಯ್ದ್ವಿ. ಪೈ ಆರ್ ಸ್ಕ್ವೇರ್ ಎಚ್ ಹಾಕಿ ನೋಡಿ, ಸರಿಸುಮಾರು 70 ಲೀಟರ್. ಬಾಕ್ಸಿನ ಒಳ ಅಳತೆ 40, 40, 44 ಸೆಂಟಿಮೀಟರ್. ಅದೂ 70 ಲೀಟರ್. ಎರಡಕ್ಕೂ ಅದೇ ಡ್ರೈವರ್, ಅದೇ ಆಂಪ್ಲಿಫೈಯರ್. ಬದಲಾಗೋದು ಆಕಾರ ಮಾತ್ರ. ಫಿಸಿಕ್ಸ್ ಲ್ಯಾಬಲ್ಲಿ ಇಷ್ಟು ಶ್ರದ್ಧೆ ತೋರಿಸಿದ್ರೆ ಇಂಟರ್ನಲ್ಸ್ ಪೂರ್ತಿ ಬರ್ತಿತ್ತು.

ಸಿಲಿಂಡರಿಗೆ ನಿಜವಾದ ಲಾಭ ಕಂಡಿದ್ದು ಪೋರ್ಟ್ ಕೂರಿಸುವಾಗ. ಪೋರ್ಟ್ ಅಂದ್ರೆ ಬಾಕ್ಸಿಂದ ಗಾಳಿ ಹೊರಗೆ ಬರೋ ಕೊಳವೆ. ಖಾಲಿ ಸೋಡಾ ಬಾಟಲಿ ಬಾಯಿಗೆ ಊದಿದ್ರೆ ಗುಂಯ್ ಅನ್ನುತ್ತಲ್ಲ, ಅದೇ ಹೆಲ್ಮ್‌ಹೋಲ್ಟ್ಸ್ ರೆಸೊನೆನ್ಸ್. ಕತ್ತಿನಲ್ಲಿರೋ ಗಾಳಿ ತೂಕದ ಹಾಗೆ, ಹೊಟ್ಟೆಯಲ್ಲಿರೋ ಗಾಳಿ ಸ್ಪ್ರಿಂಗ್ ಹಾಗೆ. 70 ಲೀಟರ್ ಹೊಟ್ಟೆಗೆ 10 ಸೆಂಟಿಮೀಟರ್ ಅಗಲದ ಕತ್ತು ಇಟ್ಟು 25 ಹರ್ಟ್ಸ್‌ಗೆ ಟ್ಯೂನ್ ಮಾಡ್ಬೇಕಾದ್ರೆ ಕತ್ತಿನ ಉದ್ದ ಸುಮಾರು 46 ಸೆಂಟಿಮೀಟರ್ ಬರುತ್ತೆ. ಒಂದು ಮೀಟರ್ ಉದ್ದದ ಸಿಲಿಂಡರ್ ಒಳಗೆ ಅದು ಸಲೀಸಾಗಿ ಕೂತ್ಕೊಳುತ್ತೆ. 44 ಸೆಂಟಿಮೀಟರ್ ಬಾಕ್ಸಿಗೆ ಹೋಗಲ್ಲ. ಎಲ್ಬೋ ಹಾಕಿ ತಿರುಗಿಸಬೇಕಾಯ್ತು. ಅಣ್ಣ ಆ ಎಲ್ಬೋ ಕೈಯಲ್ಲಿ ಹಿಡ್ಕೊಂಡು ನಕ್ಕಿದ್ದು ಇನ್ನೂ ಕಣ್ಣಲ್ಲಿದೆ.

ಆಮೇಲೆ ನಡುಮನೆಯಲ್ಲಿ ಟೆಸ್ಟ್. 20ರಿಂದ 100 ಹರ್ಟ್ಸ್‌ವರೆಗೆ ಸೈನ್ ಟೋನ್ ಓಡಿಸಿ, ಒಂದೇ ಫೋನನ್ನ ಒಂದೇ ಕುರ್ಚಿ ಮೇಲಿಟ್ಟು ಗ್ರಾಫ್ ತಗೊಂಡ್ವಿ. ಎರಡು ಗೆರೆಗಳೂ ಹೆಚ್ಚು ಕಮ್ಮಿ ಒಂದರ ಮೇಲೊಂದು ಬಂದವು. ಯೋಚನೆ ಮಾಡಿದ್ರೆ ಇದರಲ್ಲಿ ಆಶ್ಚರ್ಯ ಏನಿಲ್ಲ. 30 ಹರ್ಟ್ಸ್ ಅಲೆಯ ಉದ್ದ 11 ಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಅಲೆಗೆ ತಾನು ಹುಟ್ಟಿದ್ದು ಡಬ್ಬದಲ್ಲೋ ಡ್ರಮ್ಮಲ್ಲೋ ಅನ್ನೋದೇ ಗೊತ್ತಾಗಲ್ಲ. ಅದಕ್ಕೆ ಲೆಕ್ಕ ಒಳಗಿರೋ ಗಾಳಿ ಎಷ್ಟು, ಪೋರ್ಟ್ ಎಷ್ಟು ಅನ್ನೋದು.

ಗ್ರಾಫಲ್ಲಿ ಎದ್ದು ಕಂಡಿದ್ದು ನಮ್ಮ ಮನೆ. ನಡುಮನೆ 15 ಅಡಿ ಉದ್ದ, 12 ಅಡಿ ಅಗಲ. ಉದ್ದಕ್ಕೆ ಲೆಕ್ಕ ಹಾಕಿದ್ರೆ 37 ಹರ್ಟ್ಸ್, ಅಗಲಕ್ಕೆ 47 ಹರ್ಟ್ಸ್. ಈ ಎರಡು ಕಡೆ ಗೋಡೆಗಳೇ ಜೊತೆ ಸೇರ್ಕೊಂಡು ಗುಂಯ್‌ಗುಡ್ತವೆ. ಸಬ್‌ವೂಫರನ್ನ ಮೂಲೆಯಿಂದ ಎರಡು ಅಡಿ ಆಚೆ ಎಳೆದಿದ್ದಕ್ಕೆ ಆದ ಬದಲಾವಣೆ, ಆಕಾರ ಬದಲಾಯಿಸಿದ್ದಕ್ಕೆ ಆದ ಬದಲಾವಣೆಗಿಂತ ಎಷ್ಟೋ ಜಾಸ್ತಿ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು, ಮೇಲಿನ ಹೆಂಚು ಬೇರೆ ಕೋರಸ್ ಹಾಡಿದವು. ಅಮ್ಮ ಅಡುಗೆಮನೆಯಿಂದ, “ಮನೆ ಬೀಳಿಸ್ತೀರೇನ್ರೋ!” ಅಂದ್ರು.

ಇನ್ನು ಅಪ್ಪನ ಮಾತಿನ ಎರಡನೇ ಅರ್ಧ.

ನಮ್ಮ ತಾತನಿಗೆ 78 ವರ್ಷ. ಹಾಸನ, ಮಂಡ್ಯ, ತುಮಕೂರಿನ ಹಳ್ಳಿಗಳಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡ್ತಾರೆ ಗೊತ್ತಲ್ವಾ, ಅದರಲ್ಲಿ ತಾತ ಭೀಮ. ವಯಸ್ಸಿದ್ದಾಗ ಅವರ ದನಿಗೆ ಮೈಕೇ ಬೇಡ ಅಂತಿದ್ರಂತೆ. ಈಗ ಎಲ್ಲರೂ ಟಿವಿ ಮುಂದೆ ಕೂತಾಗ ತಾತ ಮಾತ್ರ ಹೊರಗೆ ಜಗಲಿ ಮೇಲೆ ಕೂರ್ತಾರೆ. ಕರೆದ್ರೆ, “ನೀವ್ ನೋಡ್ರಪ್ಪ, ನಂಗೆ ಸೆಕೆ” ಅಂತಾರೆ. ಡಿಸೆಂಬರ್ ಚಳೀಲೂ ಸೆಕೆ.

ಅವತ್ತು ತಾತನ್ನ ಕರ್ಕೊಂಡು ಬಂದು ಕೂರಿಸಿ ಒಂದು ಹಳೇ ಪೌರಾಣಿಕ ಸಿನಿಮಾ ಹಾಕಿದ್ವಿ. ಗದಾಯುದ್ಧ ಬಂದಾಗ ತಾತ ನೆಟ್ಟಗೆ ಕೂತ್ರು. “ಹಾಂ! ಈಗ ಕೇಳುಸ್ತು ಕಣ್ಲಾ!” ನಮಗೆ ಖುಷಿಯೋ ಖುಷಿ. ಮುಂದೆ ಮಾತಿನ ಸೀನ್ ಬಂತು. ಎರಡು ನಿಮಿಷ ನೋಡಿದ್ರು. “ಏನಂದ್ನಲಾ ಅವ್ನು?” ನಾವು ವಾಲ್ಯೂಮ್ ಏರಿಸಿದ್ವಿ. “ಸದ್ದು ಬತ್ತದೆ, ಮಾತು ಬರಾಕಿಲ್ಲ” ಅಂದು ಎದ್ದು ಜಗಲಿಗೆ ಹೋದ್ರು.

ಮುಂದಿನ ವಾರ ಅಪ್ಪನ ಜೊತೆ ತಾತನ್ನ ಮೈಸೂರಿಗೆ ಕರ್ಕೊಂಡು ಹೋದ್ವಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಟೆಸ್ಟ್ ಮುಗಿದ ಮೇಲೆ ಒಂದು ಹಾಳೆ ಕೊಟ್ರು. ಆಡಿಯೋಗ್ರಾಮ್. ಅಡ್ಡಕ್ಕೆ 250ರಿಂದ 8000 ಹರ್ಟ್ಸ್, ಕೆಳಮುಖವಾಗಿ ಡೆಸಿಬೆಲ್. ಎಡಗಡೆ ಗೆರೆ ಪರವಾಗಿಲ್ಲ, 1000 ದಾಟಿದ ಮೇಲೆ ಇಳಿಜಾರು. ನಾವಿಬ್ಬರೂ ಮುಖ ಮುಖ ನೋಡ್ಕೊಂಡ್ವಿ. ಸಬ್‌ವೂಫರ್‌ಗೆ ನಾವು ತೆಗೆದ ಗ್ರಾಫ್‌ನಂಥದ್ದೇ ಗ್ರಾಫ್ ಅದು. ತಾತನ ಕಿವಿ ಒಂದು ಲೋ ಪಾಸ್ ಫಿಲ್ಟರ್.

ವಯಸ್ಸಾದಂತೆ ಮೊದಲು ಹೋಗೋದು ಮೇಲಿನ ಫ್ರೀಕ್ವೆನ್ಸಿಗಳು. ಅ, ಆ, ಓ ತರದ ಸ್ವರಗಳ ಬಲ ಕೆಳಗಿರುತ್ತೆ, ಅವು ಕೇಳುತ್ತವೆ. ಸ, ಶ, ತ, ಕ ಇವುಗಳ ಗುರುತು ಇರೋದು ಮೇಲೆ, ಅವು ಅಳಿಸಿಹೋಗ್ತವೆ. ಹಾಗಾಗಿ ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಸಬ್‌ವೂಫರ್ ನಿಭಾಯಿಸೋದು 80 ಹರ್ಟ್ಸ್‌ಗಿಂತ ಕೆಳಗಿನದ್ದು. ಗಂಡಸರ ದನಿ ಕೂಡ ಸಾಮಾನ್ಯವಾಗಿ ಅದಕ್ಕಿಂತ ಮೇಲೇ ಶುರುವಾಗೋದು. ಸಾಲದ್ದಕ್ಕೆ, ದಪ್ಪ ಸದ್ದು ತನಗಿಂತ ಮೇಲಿನ ಸಣ್ಣ ಸದ್ದುಗಳನ್ನ ಮುಚ್ಚಿಹಾಕುತ್ತೆ. ಡಬ್ಬಾನಾ ಡ್ರಮ್ಮಾ ಅನ್ನೋ ಪ್ರಶ್ನೆಗೆ ಏನೇ ಉತ್ತರ ಕೊಟ್ರೂ ತಾತನಿಗೆ ಒಂದು ಮಾತೂ ಹೆಚ್ಚಾಗಿ ಕೇಳ್ತಿರಲಿಲ್ಲ.

ಹಿಯರಿಂಗ್ ಏಡ್ ವಿಷಯ ಎತ್ತಿದಾಗ ತಾತ, “ಕಿವಿಗೆ ಮೈಕ್ ಸೆಟ್ ಕಟ್ಕಂಡು ತಿರುಗ್ಲೇನ್ಲಾ?” ಅಂತ ರೇಗಿದ್ರು. ಅಜ್ಜಿ ಬಿಡಲಿಲ್ಲ. “ಮುಖಕ್ಕೆ ಬಣ್ಣ ಬಳ್ಕಂಡು ಕಿರೀಟ ಹಾಕ್ಕಂಡು ರಾತ್ರಿಯೆಲ್ಲಾ ಕುಣಿದೋರಿಗೆ ಇದೊಂದು ಭಾರವಾ?” ಅಂದ್ರು. ತಾತನ ಹತ್ರ ಅದಕ್ಕೆ ಡೈಲಾಗ್ ಇರಲಿಲ್ಲ.

ದುಡ್ಡಿನ ಲೆಕ್ಕ ಮತ್ತೆ ಹಾಕಿದ್ವಿ. ಹೊಸ ಆಂಪ್ಲಿಫೈಯರ್, ಎರಡನೇ ಸಬ್‌ವೂಫರ್ ಆಸೆ ಎಲ್ಲಾ ಪಟ್ಟಿಯಿಂದ ಹೋಯ್ತು. ಮಿಕ್ಕಿದ್ದಕ್ಕೆ ಅಪ್ಪ ಇನ್ನಷ್ಟು ಸೇರಿಸಿ ಹಿಯರಿಂಗ್ ಏಡ್ ಬಂತು. ಸಿನಿಮಾದ ಮಾತು ಬಹುಪಾಲು ಬರೋದು ಮಧ್ಯದ ಸೆಂಟರ್ ಸ್ಪೀಕರಿಂದ. ಅದಕ್ಕೇ ಒಂದು ಒಳ್ಳೆ ಸೆಂಟರ್ ಸ್ಪೀಕರ್ ತಂದು ತಾತನ ಕಿವಿಯ ಎತ್ತರಕ್ಕೆ ಇಟ್ವಿ. ಸಬ್‌ವೂಫರ್ ಲೆವೆಲ್ ಇಳಿಸಿದ್ವಿ.

ಹಾಗಾದ್ರೆ ಗೆದ್ದಿದ್ದು ಯಾವುದು? ಬಾಕ್ಸ್. ಕಾರಣ ಫಿಸಿಕ್ಸ್ ಅಲ್ಲ. ಸಿಲಿಂಡರ್ ನೆಲದಲ್ಲಿ ಬಾಕ್ಸಿನ ಅರ್ಧಕ್ಕಿಂತ ಕಮ್ಮಿ ಜಾಗ ಹಿಡಿಯುತ್ತೆ ನಿಜ, ಆದ್ರೆ ಒಂದು ಮೀಟರ್ ಎತ್ತರದ ಪೈಪು ಚಿಕ್ಕಪ್ಪನ ಮಕ್ಕಳು ಓಡಾಡೋ ಮನೇಲಿ ಎಷ್ಟು ದಿನ ನಿಂತಿರುತ್ತೆ? ನಿಮ್ಮನೇಲಿ ಜಾಗ ಕಮ್ಮಿ, ಮಕ್ಕಳಿಲ್ಲ, ದೊಡ್ಡ ಪೈಪು ಸಿಗುತ್ತೆ ಅಂದ್ರೆ ಧಾರಾಳವಾಗಿ ಸಿಲಿಂಡರ್ ಮಾಡಿ. ಗಾಳಿಯ ಲೆಕ್ಕ, ಪೋರ್ಟ್ ಲೆಕ್ಕ ಸರಿಯಿದ್ರೆ ಸೌಂಡಲ್ಲಿ ಮೋಸ ಇಲ್ಲ. ಕಟ್ಟೋಕೆ ಮುಂಚೆ ಆ ಕುರ್ಚಿ ಮೇಲೆ ಕೂರೋದು ಯಾರು, ಅವರಿಗೆ ಕೇಳಿಸದೇ ಇರೋದು ಏನು ಅಂತ ಒಂದ್ಸಲ ವಿಚಾರಿಸಿ.

ಬಾಕ್ಸ್ ಈಗ ತಾತನ ಕುರ್ಚಿ ಪಕ್ಕದಲ್ಲಿದೆ. ಅದರ ಮೇಲೆ ಅವರ ಕಾಫಿ ಲೋಟ, ಕನ್ನಡಕದ ಡಬ್ಬಿ. ಗದಾಯುದ್ಧ ಬಂದಾಗ ಲೋಟ ಎತ್ತಿ ಕೆಳಗಿಟ್ಟು ಹಲಗೆ ಮೇಲೆ ಅಂಗೈ ಊರ್ತಾರೆ. ಮಾತಿನ ಸೀನ್ ಬಂದ್ರೆ ಕಿವಿಯ ಮೆಷಿನ್ ಸರಿಮಾಡ್ಕೊಂಡು, ಪರದೆಯ ಭೀಮನಿಗಿಂತ ಅರ್ಧ ಸೆಕೆಂಡ್ ಮುಂಚೆ ಡೈಲಾಗ್ ಹೇಳಿ ಮುಗಿಸ್ತಾರೆ. ಸಿಲಿಂಡರ್ ಹಿತ್ತಲಲ್ಲಿದೆ, ಅಜ್ಜಿ ಅದಕ್ಕೆ ಮಣ್ಣು ತುಂಬಿಸಿ ದೊಡ್ಡಪತ್ರೆ ಹಾಕಿದ್ದಾರೆ.