ಬಿಡುವಾಗಲೇ ಹುಷಾರು

ಬೈಲಹೊಂಗಲದ ಒಂದು ಪ್ರೌಢಶಾಲೆ, ಹತ್ತನೇ ತರಗತಿ. ಕಿಟಕಿಯಿಂದ ಎರೆಹೊಲದ ಬಿಸಿಗಾಳಿ ಬೀಸುತ್ತಿದೆ. ನೀವು ಮೂರನೇ ಬೆಂಚಿನಲ್ಲಿ ಕೂತಿದ್ದೀರಿ. ಇಂದು ಕಾಂತದ ಪ್ರಯೋಗವೆಂದು ವಾಚು, ಮೊಬೈಲುಗಳನ್ನು ಅಕ್ಕೋರು ಮೊದಲೇ ಹಿಂದಿನ ಮೇಜಿಗೆ ಕಳಿಸಿದ್ದಾರೆ.

ಮುಂದೆ ಕಟ್ಟಿಗೆಯ ಚೌಕಟ್ಟು. ಅದರ ರಾಟೆಯಿಂದ ಕುದುರೆಲಾಳದಂತೆ ಬಾಗಿದ ಮೆದುಕಬ್ಬಿಣ ತೂಗುತ್ತಿದೆ. ಅದರ ಎರಡೂ ಕಾಲಿಗೆ, ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಂದ ತಾಮ್ರದ ತಂತಿ ನೂರಾರು ಸುತ್ತು. ಪಕ್ಕದಲ್ಲಿ 12 ವೋಲ್ಟಿನ ಬ್ಯಾಟರಿ, ಫ್ಯೂಸು, ಸ್ವಿಚ್ಚು. ಕೆಳಗೆ ಮರಳುಚೀಲ, ಅದರ ಮೇಲೆ ಹತ್ತು ಕಿಲೊದ ಎರಡು ತೂಕದ ಕಲ್ಲು ಬಿಗಿದ ಕಬ್ಬಿಣದ ಪಟ್ಟಿ. ಪಟ್ಟಿಯ ಮೇಲೊಂದು ತೆಳು ಕಾಗದ. ಅದಿಲ್ಲದಿದ್ದರೆ ಕರೆಂಟು ನಿಂತ ಮೇಲೂ ಪಟ್ಟಿ ಅಂಟಿಕೊಂಡಿದ್ದು, ಕೈಯಿಟ್ಟಾಗ ಬೀಳಬಹುದು.

"ನಡುವ ಬೆರಳ ಇಡಬ್ಯಾಡ್ರಪಾ."

ಸ್ವಿಚ್ಚು ಒತ್ತುತ್ತಾರೆ. ಠಕ್! ಹಗ್ಗ ಎಳೆದರೆ ಇಪ್ಪತ್ತು ಕಿಲೊ ನಾಲ್ಕು ಬೆರಳು ಮೇಲೇಳುತ್ತದೆ. ಹತ್ತು ಎಣಿಸುವಷ್ಟೇ ಹೊತ್ತು. ಸುರುಳಿಯಲ್ಲಿ 3 ಆಂಪಿಯರ್ ಹರಿಯುತ್ತಿದೆ, 36 ವ್ಯಾಟೂ ಬರೀ ಬಿಸಿಯಾಗುತ್ತಿದೆ.

ಸ್ವಿಚ್ಚು ಆರುತ್ತದೆ. ಕಲ್ಲು ಮರಳಿಗೆ ದುಪ್ಪನೆ ಬೀಳುತ್ತದೆ. ಅದೇ ಕ್ಷಣ, ಸುರುಳಿಗೆ ಅಡ್ಡಲಾಗಿ ಕಟ್ಟಿದ್ದ ಟೆಸ್ಟರಿನ ಪುಟ್ಟ ದೀಪ ಕೆಂಪಗೆ ಮಿನುಗುತ್ತದೆ.

"ಅಕ್ಕೋರ, ಬ್ಯಾಟರಿ ಹನ್ನೆರಡ ವೋಲ್ಟಿಂದ ಐತ್ರಿ. ದೀಪ ಹ್ಯಾಂಗ ಹತ್ತಿತ್ರಿ?"

ಆ ದೀಪಕ್ಕೆ ಎಪ್ಪತ್ತು ವೋಲ್ಟಿಗೂ ಹೆಚ್ಚು ಬೇಕು. ಕಾಂತತ್ವ ಕುಸಿಯುವಾಗ ಸುರುಳಿ ಹರಿಯುತ್ತಿದ್ದ ಕರೆಂಟನ್ನು ಬಿಡಲೊಲ್ಲದು. ದಾರಿ ಕಡಿದಷ್ಟೂ ವೋಲ್ಟೇಜು ಏರುತ್ತದೆ. ಆಗ ಬರಿದಾದ ತುದಿ ಹಿಡಿದವರ ಕೈ ಜುಮ್ಮೆನ್ನುತ್ತದೆ. ತುದಿಗಳಿಗೆಲ್ಲ ಟೇಪು ಸುತ್ತಿದ್ದು ಅದಕ್ಕೇ. ಅಮೆರಿಕದ ಆಲ್ಬನಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಹೆನ್ರಿ 1831ರಲ್ಲಿ ಯೇಲ್ ಕಾಲೇಜಿಗೆಂದು 900 ಕಿಲೊಗೂ ಹೆಚ್ಚು ಎತ್ತುವ ಕಾಂತ ಕಟ್ಟಿದ; ಹೀಗೆ ಕರೆಂಟು ಕಡಿದಾಗ ಹಾರುವ ಕಿಡಿಯ ಬಗ್ಗೆ ಮರುವರ್ಷ ಬರೆದವನೂ ಅವನೇ.

ಅಕ್ಕೋರು ಜೋಳದ ಕಾಳಿನಷ್ಟು ಡಯೋಡೊಂದನ್ನು ಸುರುಳಿಗೆ ತಿರುವುಮುರುವಾಗಿ ಜೋಡಿಸುತ್ತಾರೆ. ಬಿಟ್ಟ ಕರೆಂಟು ಈಗ ಅದರೊಳಗೇ ಸುತ್ತಿ ತಣ್ಣಗಾಗುತ್ತದೆ. ಮತ್ತೆ ಠಕ್, ಮತ್ತೆ ದುಪ್. ದೀಪ ಹತ್ತಲಿಲ್ಲ.

ಪುಸ್ತಕದಲ್ಲಿ ಎಚ್ಚರಿಕೆಗಳು ಪ್ರಯೋಗದ ಕೆಳಗೆ ಬೇರೆಯಾಗಿ ಅಚ್ಚಾಗಿರುತ್ತವೆ. ಇಲ್ಲಿ ಕಾಗದ, ಫ್ಯೂಸು, ಡಯೋಡು ಒಂದೊಂದೂ ಪಾಠವೇ.

"ಬಾ, ಈಗ ನಿನ್ನ ಪಾಳಿ."

ನೀವು ಎದ್ದು ಬರುತ್ತೀರಿ. ಕೈ ಸ್ವಿಚ್ಚಿಗೆ ಹೋಗುವುದಿಲ್ಲ. ಮೊದಲು ಬಗ್ಗಿ ಡಯೋಡಿನ ಬೆಳ್ಳಿಗೆರೆ ಪ್ಲಸ್ ಕಡೆಗಿದೆಯೇ ಎಂದು ನೋಡುತ್ತೀರಿ.