ಚೀಟಿ ಬರೆಸಿಕೊಳ್ಳಿ, ಸೋದರಿಯರೇ

ನಾಯಿಮರಿ ಸಾಕಿರುವ ಸೋದರಿಯರೇ, ಒಂದು ಮಾತು ಕೇಳಿ. ಮಾನ್ವಿಯ ನಮ್ಮ ಮನೆಯಲ್ಲಿ ಮರಿ ರಾಜಾನಿಗೆ ವಾಂತಿ, ರಕ್ತಭೇದಿ ಶುರುವಾಯಿತು. ಹತ್ತಿರದ ದವಾಖಾನೆಯೊಂದರಲ್ಲಿ ಮೈ ಮುಟ್ಟಿಯೂ ನೋಡದೆ ಎರಡು ಸೂಜಿ ಚುಚ್ಚಿದರು. "ಏನು ಔಷಧಿ ಕೊಟ್ರಿ? ಚೀಟಿ ಬರದು ಕೊಡ್ರಿ" ಎಂದರೆ, "ನಾಯಿಗ್ಯಾತರ ಚೀಟಿ ಅಕ್ಕಾರ? ನಾಳಿಗೆ ಆರಾಮಾಗ್ತದ, ಹೋಗ್ರಿ" ಎಂದುಬಿಟ್ಟರು!

ಮರುದಿನ ರಾಯಚೂರಿಗೆ ಒಯ್ದಾಗ ಅಲ್ಲಿನ ಡಾಕ್ಟರು ಮೊದಲು ಕೇಳಿದ್ದೇ ಹಿಂದಿನ ದಿನದ ಔಷಧಿಯ ಹೆಸರು. ಏನಂತ ಹೇಳಲಿ? ಇದು ಪಾರ್ವೋ ರೋಗ, ಮೈಯ ನೀರು ಬತ್ತಿ ಮರಿಗಳು ಸಾಯುತ್ತವೆ, ನಿನ್ನೆಯೇ ಸಲೈನ್ ಏರಿಸಬೇಕಿತ್ತು ಎಂದರು. ರಾಜಾ ಉಳಿಯಲಿಲ್ಲ.

ಮೂಕಪ್ರಾಣಿ ತನಗೇನು ಕೊಟ್ಟರೆಂದು ಹೇಳೀತೇ? ಔಷಧಿಯ ಹೆಸರು, ಪ್ರಮಾಣ, ತಾರೀಖು ಪಟ್ಟುಹಿಡಿದು ಬರೆಸಿಕೊಳ್ಳಿ. ಮರಿಗೆ 6ರಿಂದ 8 ವಾರವಾದಾಗಲೇ ಪಾರ್ವೋ ಲಸಿಕೆ ಶುರುಮಾಡಿಸಿ. ದುಡ್ಡು ಕೊಟ್ಟವರಿಗೆ ಕೇಳುವ ಹಕ್ಕೂ ಉಂಟಲ್ಲವೇ?